ಬಾಯಲ್ಲಿ ಟಾಚಣಿ ಹಿಡಿದವರು

ಕಳೆದ ತಿಂಗಳು ಕಾಮೋಠೆಯ ನನ್ನ ತವರಿನ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾವಿನ ಸುದ್ದಿ ಬಂತು. ‘ಗ್ರೌಂಡ್ ಫ್ಲೋರಿನ ಫಾಲ್ ಮೌಶಿ ಊರಲ್ಲಿ ತೀರಿಕೊಂಡರು’ ಎಂದು ಸೆಕ್ರೆಟರಿ ಬರೆದಿದ್ದರು. ಅದರ ಕೆಳಗೆ ಸಾಲಾಗಿ ಮುಗಿದ ಕೈಗಳು. ಆ ಕೈಗಳ ನಡುವೆ ಒಬ್ಬರು ನೀರಿನ ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದ್ದರು. ಅವರಿಗೂ ಯಾರೋ ಕೈ ಮುಗಿದಿದ್ದರು. ಮೂರನೇ ಮಹಡಿಯವರು, ಪೋಸ್ಟರ್ ಮಾಡಿಸಬೇಕು, ಮೌಶಿಯ ಪೂರ್ತಿ ಹೆಸರೇನು ಎಂದು ವಿಚಾರಿಸಿದರು. ಯಾರಿಗೂ ಗೊತ್ತಿರಲಿಲ್ಲ. ವರ್ಷಗಟ್ಟಲೆ ಅವರ ಕೈಯಲ್ಲಿ ಸೀರೆಗೆ ಫಾಲ್ ಹಚ್ಚಿಸಿಕೊಂಡ ಬಿಲ್ಡಿಂಗ್ ಅದು. ಕಡೆಗೆ ಪೋಸ್ಟರಿನಲ್ಲಿ ಒಂದು ದೀಪ, ಎರಡು ಗುಲಾಬಿ ಮತ್ತು ‘ಫಾಲ್ ಮೌಶಿ’ ಎಂಬ ಹೆಸರು ಬಂತು.

ನನಗೆ ಅವರ ಹೆಸರು ಗೊತ್ತಿತ್ತು. ಅವರ ಮನೆಯ ಲೈಟ್ ಬಿಲ್ಲಿನ ಮೇಲೆ ಓದಿದ್ದೆ. ಗುಂಪಿನಲ್ಲಿ ಬರೆಯಲಿಲ್ಲ, ಇಲ್ಲೂ ಬರೆಯುವುದಿಲ್ಲ. ಆ ಹೆಸರನ್ನು ಒಮ್ಮೆ ಕೆಡಿಸಿದವಳು ನಾನೇ.

ಅವರು ವಿಜಾಪುರದ ಕಡೆಯವರು. ಗಂಡ ತುರ್ಭೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ಬೇಗ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಬಾಗಿಲಿಗೆ ‘ಫಾಲ್ ಬೀಡಿಂಗ್ ಪಿಕೊ’ ಎಂದು ಮರಾಠಿಯಲ್ಲಿ ಬರೆದ ಬೋರ್ಡು. ಒಳಗೆ ಒಂದು ಮಶೀನು, ಒಂದು ಇಸ್ತ್ರಿಯ ಮೇಜು, ನೆಲದ ಮೇಲೆ ಹಾಸಿದ ಚಾಪೆ. ಚಾಪೆಯ ಮೇಲೆ ಸೀರೆಯ ಅಂಚು ಚಾಚಿಕೊಂಡು ಕೂತರೆ ಅವರ ತುಟಿಗಳ ನಡುವೆ ಸದಾ ನಾಲ್ಕೈದು ಗುಂಡುಸೂಜಿ. ಗುಂಡುಸೂಜಿಗೆ ಅವರು ಟಾಚಣಿ ಅನ್ನುತ್ತಿದ್ದರು. ಬಾಯಲ್ಲಿ ಟಾಚಣಿ ಇದ್ದಷ್ಟು ಹೊತ್ತು ಮಾತಿಲ್ಲ. ಒಪ್ಪಿದರೆ ‘ಹೂಂ’, ಇಲ್ಲದಿದ್ದರೆ ‘ಹೂಂಹೂಂ’, ಅಷ್ಟೇ.

ಬಿಲ್ಡಿಂಗಿನ ಹೆಂಗಸರಿಗೆ ಇದು ಬಹಳ ಅನುಕೂಲವಾಗಿತ್ತು. ತಿರುಗಿ ಬುದ್ಧಿ ಹೇಳದ, ತನ್ನ ಕಷ್ಟ ತೆಗೆಯದ, ನಡುವೆ ಬಾಯಿ ಹಾಕದ ಹೆಂಗಸು ಎಷ್ಟು ಸೆಕ್ಟರ್ ಸುತ್ತಿದರೆ ಸಿಕ್ಕಾಳು? ಯಾರ ಸೊಸೆ ಯಾರ ಮೇಲೆ ಪಾತ್ರೆ ಎಸೆದಳು ಎಂಬುದೆಲ್ಲ ಫಾಲ್ ಜೊತೆಗೇ ಅಲ್ಲಿ ಜಮೆಯಾಗುತ್ತಿತ್ತು. ಹೊರಗೆ ಬಂದ ಮೇಲೆ ಅದೇ ಹೆಂಗಸರು, ಮೌಶಿಗೆ ಬಹಳ ಗರ್ವ, ಒಂದು ಮಾತೂ ಆಡುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು.

ನಾನು ಮಾತಿನಲ್ಲಿ ಅವರಿಗೆ ತೀರ ವಿರುದ್ಧ. ಏಳನೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತು, ಆಮೇಲೆ ಮರಾಠಿ ಶಾಲೆಯಲ್ಲಿ ಒಂದು ವರ್ಷ ಕೂತು, ಎದ್ದು ಬಂದವಳು. ಬರೆಯುವುದು ಅಷ್ಟಕ್ಕಷ್ಟೇ, ಆದರೆ ಬಾಯಿಗೆ ಬಿಡುವಿರಲಿಲ್ಲ. ನನಗೆ ಹದಿನಾಲ್ಕು ವರ್ಷವಾದಾಗ ತಮ್ಮ ಹುಟ್ಟಿದ. ಅಪ್ಪ ತುರ್ಭೆಯ ಒಂದು ಉಡುಪಿ ಹೋಟೆಲಿನ ಕೌಂಟರಿನಲ್ಲಿ. ಅಮ್ಮ ಊಟದ ಡಬ್ಬಾ ಮಾಡಿ ಕಳಿಸುವ ಅಡುಗೆಮನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ತಮ್ಮನನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು.

ಅಪ್ಪ ಅವನಿಗೆ ಋತ್ವಿಕ್ ಎಂದು ಹೆಸರಿಟ್ಟರು. ಅಮ್ಮ ಅದನ್ನು ರುತಿಕ ಅನ್ನುತ್ತಿದ್ದಳು, ಎದುರುಮನೆಯವರು ಋತಿಕೇಶ್, ಸ್ವತಃ ಅಪ್ಪ ರಿತ್ವಿಕ್. ನಾಲ್ಕು ವರ್ಷವಾದರೂ ಹುಡುಗನಿಗೆ ತನ್ನ ಹೆಸರು ಹೇಳಲು ಬರುವುದಿಲ್ಲ ಎಂದು ಈ ಮೂವರೂ ಸೇರಿ ಚಿಂತೆ ಮಾಡಿದರು.

ಅವನಿಗೆ ಎಲ್ಲವೂ ತಿಳಿಯುತ್ತಿತ್ತು. ಚಪ್ಪಲಿ ತಾ ಅಂದರೆ ತರುತ್ತಿದ್ದ. ಆದರೆ ಚಪ್ಪಲಿ ಅನ್ನುವ ಶಬ್ದ ಮಾತ್ರ ಬೇಕಾದಾಗ ಸಿಗುತ್ತಿರಲಿಲ್ಲ. “ಅದು... ಅದು...” ಎಂದು ಮೊಣಕಾಲು ತಟ್ಟಿಕೊಳ್ಳುತ್ತ ಹುಡುಕುತ್ತಿದ್ದ. ಹುಡುಕಲು ನಾವು ಬಿಡಬೇಕಲ್ಲ. ಅವನು ‘ಅ’ ಅನ್ನುವಷ್ಟರಲ್ಲಿ ನಾನು ಅನ್ನ, ಅಕ್ಕಿ, ಅಪ್ಪ, ಅಂಗಡಿ ಎಲ್ಲವನ್ನೂ ತಂದು ಅವನ ಮುಂದೆ ಸುರಿಯುತ್ತಿದ್ದೆ. ಬೇಕಾದದ್ದು ಅದರಲ್ಲಿ ಇಲ್ಲದಿದ್ದರೂ ಯಾವುದೋ ಒಂದಕ್ಕೆ ತಲೆಯಾಡಿಸಿ ಸುಮ್ಮನಾಗುತ್ತಿದ್ದ. “ಇವಳಿಗೆ ಮಾತ್ರ ಅವನ ಭಾಷೆ ಬರುತ್ತದೆ” ಎಂದು ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ಬೇರೆ ಯಾವ ಪರೀಕ್ಷೆಯಲ್ಲೂ ಪಾಸಾಗದವಳಿಗೆ ಆ ಹೊಗಳಿಕೆ ಸಣ್ಣದಲ್ಲ. ಅವನಿಗೆ ಮಾತು ಬಂದುಬಿಟ್ಟರೆ ನನ್ನ ಕೆಲಸ ಹೋಗುತ್ತದೆ ಎಂಬ ಯೋಚನೆ ನನಗೆ ಬಂದಿರಲಿಲ್ಲ ಎಂದು ಹೇಳಿದರೆ ಅದು ಪೂರ್ತಿ ನಿಜವಲ್ಲ.

ಚಿಕಿತ್ಸೆಗಳಿಗೆ ಕೊರತೆ ಇರಲಿಲ್ಲ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿದೆವು. ಗಿಳಿ ಕಚ್ಚಿದ ಪೇರಳೆ ತಿನ್ನಿಸಿದರೆ ಮಾತು ಬರುತ್ತದೆ ಎಂದು ಒಬ್ಬರು ಹೇಳಿದರು. ಕಾಮೋಠೆಯಲ್ಲಿ ಪಾರಿವಾಳಕ್ಕೆ ಬರವಿಲ್ಲ, ಗಿಳಿಗೆಲ್ಲಿ ಹೋಗುವುದು? ಅಪ್ಪ ತುರ್ಭೆಯಲ್ಲಿ ಯಾರದೋ ಮನೆಯ ಗಿಳಿಯಿಂದ ಕಚ್ಚಿಸಿ ತಂದರು. ಆ ಗಿಳಿಗೇ ಮಾತು ಬರುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಕಡೆಗೆ ಸೀವುಡ್ಸಿನಲ್ಲಿ ಮಕ್ಕಳ ಮಾತಿಗೆಂದೇ ಇದ್ದ ಒಂದು ಸೆಂಟರಿಗೆ ಕರೆದುಕೊಂಡು ಹೋದೆವು. ಗಾಜಿನ ಬಾಗಿಲು, ತಣ್ಣನೆಯ ಕೋಣೆ. ಮೇಡಮ್ ಚಿಕ್ಕ ಪ್ರಾಯದವರು, ಒಳ್ಳೆಯವರೇ. ಮನೆಯವರು ನಡುವೆ ಮಾತಾಡಬಾರದು ಎಂದು ಮೊದಲೇ ಹೇಳಿ, ಒಂದೊಂದೇ ಚಿತ್ರ ಹಿಡಿದು ಹಿಂದಿಯಲ್ಲಿ ಕೇಳುತ್ತ ಹೋದರು. ಹುಲಿಯ ಚಿತ್ರ ಬಂತು. ತಮ್ಮ ಮೊಣಕಾಲು ತಟ್ಟಿಕೊಂಡ. ಬಹಳ ಹೊತ್ತಿನ ಮೇಲೆ, “ಪಿಲಿ” ಅಂದ. ನಮ್ಮ ಮನೆಮಾತು ತುಳು. ತುಳುವಿನಲ್ಲಿ ಹುಲಿಗೆ ಪಿಲಿ ಅನ್ನುತ್ತಾರೆ.

“ಬಿಲ್ಲಿ?” ಅಂದರು ಮೇಡಮ್. “ನಹೀ ಬೇಟಾ, ಬಿಲ್ಲಿ ನಹೀ. ಧ್ಯಾನ್ ಸೇ ದೇಖೋ.” ಹುಡುಗ ಹುಲಿಯನ್ನು ಬೆಕ್ಕು ಅಂದನೆಂದು ಕಾಗದದಲ್ಲಿ ತಪ್ಪು ಗುರುತು ಹಾಕಿದರು.

ನಾನು ಬಾಯಿ ತೆರೆದೆ. “ಮೇಡಮ್, ವೋ ತುಳು ಮೇ...”

“ಪ್ಲೀಸ್, ಬೀಚ್ ಮೇ ಮತ್ ಬೋಲೋ.”

ಜೀವಮಾನದಲ್ಲಿ ನಾನು ಸುಮ್ಮನಿದ್ದದ್ದು ಅದೇ ಮೊದಲ ಸಲ, ಅದೂ ತಪ್ಪು ಜಾಗದಲ್ಲಿ. ಆಮೇಲೆ ಬೆಕ್ಕಿನ ಚಿತ್ರ ಬಂದಾಗ ತಮ್ಮ ಅದನ್ನೂ ಮೇಡಮ್ಮರ ಮುಖವನ್ನೂ ನೋಡಿ ಬಾಯಿ ಮುಚ್ಚಿಕೊಂಡ.

ಮನೆಯಲ್ಲಿ ಒಂದೇ ಭಾಷೆ ಮಾತಾಡಿ ಎಂದು ಫೈಲಿನಲ್ಲಿ ಬರೆದುಕೊಟ್ಟಿದ್ದರು. ಯಾವುದು ಎಂದು ಆ ಸಂಜೆ ಸಭೆ ಸೇರಿತು. ಅಮ್ಮ ತುಳು ಅಂದಳು. ಅಪ್ಪ ಇಂಗ್ಲಿಷು ಎಂದು ಪಟ್ಟು ಹಿಡಿದರು. ಅಪ್ಪನ ಇಂಗ್ಲಿಷು ಹೋಟೆಲಿನದು. “ಸಿಟ್” ಅಂದರು. “ಈಟ್” ಅಂದರು. ಮೂರನೆಯದಾಗಿ “ಪಾರ್ಸಲ್ ಆರ್ ಹಿಯರ್?” ಅಂದರು. ಅಲ್ಲಿಗೆ ಅದು ಮುಗಿಯಿತು. ಎರಡು ದಿನ ಮನೆಯಲ್ಲಿ ಯಾರೂ ಯಾರೊಡನೆಯೂ ಮಾತಾಡಲಿಲ್ಲ. ಅದೇ ಫೈಲಿನ ಕಡೆಯ ಸಾಲಿನಲ್ಲಿ, ಮಗುವಿಗೆ ಸಮಯ ಕೊಡಿ, ಅವನ ಮಾತು ನೀವು ಮುಗಿಸಬೇಡಿ ಎಂದೂ ಇತ್ತು. ಅದಕ್ಕೆ ಖರ್ಚಿಲ್ಲದ್ದರಿಂದ ಅದೊಂದು ಚಿಕಿತ್ಸೆ ಎಂದು ನಮಗೆ ಯಾರಿಗೂ ಅನ್ನಿಸಲಿಲ್ಲ.

ಅಮ್ಮನ ಸೀರೆಗೆ ಫಾಲ್ ಹಚ್ಚಿಸಲು ಮೌಶಿಯ ಮನೆಗೆ ಹೋದ ದಿನ ತಮ್ಮನೂ ಜೊತೆಗಿದ್ದ. ಮೌಶಿಯ ಬಾಯಲ್ಲಿ ಟಾಚಣಿ. ಏನೋ ಬೇಕೆಂದು ಕೈ ಚಾಚಿ “ಹೂಂ?” ಅಂದರು.

“ದಾರ ಬೇಕಾ ಮೌಶಿ? ಕತ್ತರಿಯಾ? ಟೇಪಾ?” ಅಂದೆ.

“ಹೂಂಹೂಂ” ಎಂದು ನನ್ನತ್ತ ತಲೆಯಾಡಿಸಿ ತಮ್ಮನನ್ನು ನೋಡಿದರು. ಅವನೂ ನೋಡಿದ. ಗೋಡೆಯ ಗಡಿಯಾರ ಟಿಕ್‌ಟಿಕ್ ಅನ್ನುತ್ತಿತ್ತು. ಯಾರಾದರೂ ಏನಾದರೂ ಅನ್ನಬಾರದೇ. ಬಹಳ ಹೊತ್ತಾದ ಮೇಲೆ ತಮ್ಮ, “ಕೆಂಪು... ಗೋಲ” ಅಂದ. ಎದ್ದು ಹೋಗಿ ಕೆಂಪು ದಾರದ ರೀಲು ತಂದುಕೊಟ್ಟ. ಮೌಶಿ ಚಪ್ಪಾಳೆ ತಟ್ಟಲಿಲ್ಲ, ‘ವೆರಿ ಗುಡ್’ ಅನ್ನಲಿಲ್ಲ. ದಾರ ಪೋಣಿಸಿ ಹೊಲಿಯತೊಡಗಿದರು. ಮರುದಿನ ತಮ್ಮ ತಾನೇ ನನ್ನ ಕೈ ಹಿಡಿದು ಕೆಳಗೆ ಎಳೆದ.

ಆಮೇಲೆ ಅದೇ ನಡೆಯಿತು. ಅವರು ಯಾವುದನ್ನೂ ‘ಇದೇನು, ಹೇಳು’ ಎಂದು ಕೇಳುತ್ತಿರಲಿಲ್ಲ. ಅವನು ತಡವರಿಸಿದರೆ ಮಾತ್ರ ಟಾಚಣಿ ತೆಗೆದು, “ಅದರಲೆ ಏನ್ ಮಾಡ್ತಾರ ತಮ್ಮಾ?” ಅನ್ನುತ್ತಿದ್ದರು. ಇಲ್ಲವೇ, “ಎಲ್ಲಿರ್ತದ ಅದು?” ಮತ್ತೆ ಟಾಚಣಿ ಬಾಯಿಗೆ. ಅವನು ಹುಡುಕಿ ಹುಡುಕಿ, ಸಿಗದಿದ್ದಕ್ಕೆ ತಾನೇ ಹೆಸರು ಕಟ್ಟುತ್ತಿದ್ದ. ಬೆರಳಿಗೆ ಹಾಕುವ ತಗಡಿನ ಚಿಪ್ಪು ಬೆರಳ ಟೊಪ್ಪಿಗೆ. ಇಸ್ತ್ರಿ ಪೆಟ್ಟಿಗೆ ಬಿಸಿ ದೋಣಿ. ಮೌಶಿ ಇಡೀ ದಿನ ಅದೇ ಹೆಸರು ಹಿಡಿಯುತ್ತಿದ್ದರು. “ಬಿಸಿ ದೋಣಿ ಆರಿಸು ತಮ್ಮಾ. ಇಸ್ತ್ರಿ ಬಂದ್ ಆತೇನ?” ಹೀಗೆ ಒಂದರ ಪಕ್ಕ ಇನ್ನೊಂದನ್ನು ಇಡುತ್ತಿದ್ದರು, ಅಷ್ಟೇ. ಬಿಲ್ಡಿಂಗಿನವರು ಅವನಿಗೆ ಶಬ್ದ ಕಲಿಸುತ್ತಿದ್ದರು, ಇವರು ಅವನ ಶಬ್ದ ಕಲಿಯುತ್ತಿದ್ದರು.

ನಾನು ನಡುವೆ ಬಾಯಿ ಹಾಕಿದರೆ ನನಗೂ ಒಂದೆರಡು ಸಿಗುತ್ತಿದ್ದವು. “ನೀ ಭಾಳ ಶಾಣ್ಯಾಕಿ ಇದ್ದಿ ಖರೆ. ಆದ್ರ ಅವನ ಬಾಯಿ ಅವಂಗ ಬಿಡವಾ.” ಇನ್ನೊಮ್ಮೆ, “ಎಂಟು ಹನ್ನೆರಡರ ಲೋಕಲ್ ಗಾಡಿ ಏನವಾ ಮಾತಂದ್ರ? ತಪ್ಪಿದ್ರ ತಪ್ಪಲಿ, ಇನ್ನೊಂದ ಬರ್ತದ. ತಡಿ.”

ನಾಲ್ಕು ತಿಂಗಳಲ್ಲಿ ಹುಡುಗ ಮೂರು ಮೂರು ಶಬ್ದ ಜೋಡಿಸತೊಡಗಿದ. ಆದರೆ ಮೌಶಿಯ ಹತ್ತಿರ ಕಲಿತದ್ದು ಮೌಶಿಯ ಕನ್ನಡ. ಒಂದು ಸಂಜೆ ಅಪ್ಪ ಮನೆಯೊಳಗೆ ಕಾಲಿಡುತ್ತಲೇ ತಮ್ಮ ಎದುರು ನಿಂತು, “ಊಟ ಆತೇನ್ರಿ?” ಅಂದ.

ಅಪ್ಪ ಚೀಲ ಕೆಳಗಿಡಲಿಲ್ಲ. “ಎಂತದು ಮಾರಾಯ್ತಿ ಇದು? ಇವ ಘಟ್ಟದವರ ಹಾಗೆ ಮಾತಾಡುದು?”

“ಮಾತಾಡಿದ ಅಲ್ವಾ” ಅಂದಳು ಅಮ್ಮ.

“ಊರಿಗೆ ಹೋದಾಗ ನಮ್ಮವರ ಎದುರು ‘ಹೌದ್ರಿ’ ಹೇಳಿದ್ರೆ ನಾನು ಮುಖ ಎಲ್ಲಿ ಇಡ್ಲಿಕ್ಕೆ?”

ನಾಲ್ಕು ವರ್ಷ ಕಾದ ಮಾತು ಬಂದಾಗ ಅಪ್ಪನಿಗೆ ಅದರ ಊರು ಹಿಡಿಸಲಿಲ್ಲ. ಆದರೂ ಕಳಿಸುವುದು ನಿಲ್ಲಿಸಲಿಲ್ಲ. ಅವನನ್ನು ಸೇರಿಸಬೇಕೆಂದಿದ್ದ ಶಾಲೆಯವರು ಗಡುವು ಕೊಟ್ಟಿದ್ದರು. ಜೂನಿನಲ್ಲಿ ಪ್ರಿನ್ಸಿಪಾಲರು ನಾಲ್ಕೈದು ಪ್ರಶ್ನೆ ಕೇಳುತ್ತಾರೆ, ಯಾವ ಭಾಷೆಯಲ್ಲಾದರೂ ಉತ್ತರಿಸಿದರೆ ಕೆ.ಜಿ.ಗೆ ಸೇರಿಸಿಕೊಳ್ಳುತ್ತೇವೆ, ಇಲ್ಲವಾದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದಿದ್ದರು.

ಮೇ ತಿಂಗಳಲ್ಲಿ ನಾಲ್ಕನೇ ಮಹಡಿಯಿಂದ ಒಂದು ಹಸಿರು ರೇಷ್ಮೆ ಸೀರೆ ಬಂತು. ಸೆಕ್ರೆಟರಿಯವರ ಹೆಂಡತಿಯದು, ಮಗಳ ನಿಶ್ಚಿತಾರ್ಥಕ್ಕೆ. ಫಾಲ್ ಹಚ್ಚಿ ಆಗಿತ್ತು. ಮೌಶಿಗೆ ದಾರ ತರಲು ಹೊರಗೆ ಹೋಗಬೇಕಾಗಿತ್ತು. “ಹಗೂರಕ ಇಸ್ತ್ರಿ ಎಳದಿಡವಾ. ಮ್ಯಾಲ ಅರಿವಿ ಹಾಸ್ಕೋ” ಎಂದು ನನಗೆ ಹೇಳಿ ಹೋದರು. ನಾನು ಬಟ್ಟೆ ಹಾಸಲಿಲ್ಲ. ಒಂದು ಕೈಯಲ್ಲಿ ಇಸ್ತ್ರಿ, ಇನ್ನೊಂದು ಕೈಯಲ್ಲಿ ಫೋನು. ಗೆಳತಿಗೆ ಆ ಸೆಕ್ರೆಟರಿಯ ಹೆಂಡತಿಯ ನಗು, ಮಾತು ಎಲ್ಲವನ್ನೂ ನಟಿಸಿ ತೋರಿಸುತ್ತಿದ್ದೆ. ನನ್ನ ನಟನೆ ಚೆನ್ನಾಗಿ ಬಂತು. ಸುಟ್ಟ ವಾಸನೆ ಬಂದಾಗ ನೋಡಿದರೆ ಸೆರಗಿನ ಮೇಲೆ ಕಂದು ಬಣ್ಣದ ಗುರುತು. ಮಡಿಸಿ, ಗುರುತು ಒಳಗೆ ಹೋಗುವಂತೆ ಇಟ್ಟೆ. ತಮ್ಮ ಚಾಪೆಯ ಮೇಲೆ ಗುಂಡಿಗಳನ್ನು ಆರಿಸುತ್ತ ಕೂತಿದ್ದ. ಅವನು ನೋಡಿದ್ದನ್ನು ನಾನೂ ನೋಡಿದೆ.

ಮೌಶಿ ಬರುವುದಕ್ಕೂ ಸೆಕ್ರೆಟರಿಯ ಹೆಂಡತಿ ಇನ್ನಿಬ್ಬರು ಹೆಂಗಸರೊಡನೆ ಬರುವುದಕ್ಕೂ ಸರಿಹೋಯಿತು. ಸೀರೆ ಬಿಡಿಸಿದರು.

“ಹೇ ಕೋಣಿ ಜಾಳಲಂ?” ಯಾರು ಸುಟ್ಟದ್ದು ಇದನ್ನು ಎಂದು ಕೇಳಿದರು.

ಮೌಶಿ ಸೀರೆ ನೋಡಿದರು, ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಆಗ ತಮ್ಮ ಎದ್ದು ನಿಂತ. ಮೊಣಕಾಲು ತಟ್ಟಿಕೊಂಡ.

“ಅಕ್ಕ... ಬಿಸಿ ದೋಣಿ... ಸೀರಿ ಮ್ಯಾಲ...” ನಿಲ್ಲಿಸಿದ. ಉಸಿರೆಳೆದುಕೊಂಡ. “ಅಕ್ಕ ಫೋನ್ ಮಾತಾಡಾಕತ್ತಿದ್ಲು... ದೋಣಿ ಅಲ್ಲೇ ನಿಂತಿತ್ತು.”

ಅವನು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಹೆಂಗಸರಿಗೆ ಕನ್ನಡ ಬರುತ್ತಿರಲಿಲ್ಲ. “ಕ್ಯಾ ಬೋಲಾ?” ಎಂದು ಎಲ್ಲರೂ ನನ್ನ ಕಡೆ ತಿರುಗಿದರು. ಅವನ ಭಾಷೆ ಬರುವವಳು ನಾನಲ್ಲವೇ.

“ಕುಛ್ ನಹೀ ಆಂಟಿ” ಅಂದೆ. “ಟೀವಿ ಮೇ ನಾವ್ ದೇಖಾ ಥಾ, ವಹೀ ಬೋಲ್ ರಹಾ ಹೈ. ಉಸ್ಕೋ ಶಬ್ದ್ ನಹೀ ಆತೇ ನಾ, ಕುಛ್ ಭೀ ಬೋಲ್ತಾ ಹೈ.” ಟೀವಿಯಲ್ಲಿ ಕಂಡ ದೋಣಿಯ ಮಾತು, ಶಬ್ದ ಬರದೆ ಏನೇನೋ ಅನ್ನುತ್ತಾನೆ ಎಂದುಬಿಟ್ಟೆ.

ಅವರು ಪಾಪ ಪ್ರೀತಿಯಿಂದಲೇ ನಕ್ಕರು. ಒಬ್ಬರು ಅವನ ಕೆನ್ನೆ ಹಿಂಡಿದರು. ತಮ್ಮ ನಗಲಿಲ್ಲ. ನನ್ನನ್ನೇ ನೋಡುತ್ತ ಮತ್ತೊಮ್ಮೆ, “ದೋಣಿ, ಅಕ್ಕಾ” ಅಂದ.

“ಹೌದು ಪುಟ್ಟ, ದೋಣಿ. ನಾಳೆ ತೋರಿಸ್ತೇನೆ” ಅಂದೆ.

ಮೌಶಿಗೆ ಎರಡೂ ಭಾಷೆ ಬರುತ್ತಿತ್ತು. ಸುಟ್ಟ ಸೆರಗನ್ನು ತಮ್ಮತ್ತ ಎಳೆದುಕೊಂಡು ಮರಾಠಿಯಲ್ಲಿ, ತಪ್ಪು ನನ್ನ ಕೈಯಿಂದ ಆಯಿತು ತಾಯಿ, ಅಂದರು. ನಾಲ್ಕನೇ ಮಹಡಿ ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮೌಶಿಗೆ ವಯಸ್ಸಾಯಿತು, ಕಣ್ಣು ಕಾಣುವುದಿಲ್ಲ, ಇನ್ನು ಸೀರೆ ಕೊಡಬೇಡಿ ಎಂಬ ಸುದ್ದಿ ಅದೇ ಸಂಜೆಗೆ ಪ್ರತಿ ಮಹಡಿಗೂ ಮುಟ್ಟಿತು. ಬಿಲ್ಡಿಂಗಿನ ಲಿಫ್ಟು ಆ ವೇಗದಲ್ಲಿ ಎಂದೂ ಓಡಿದ್ದಿಲ್ಲ.

ಅವರು ಹೋದ ಮೇಲೆ ಮೌಶಿ ನನ್ನನ್ನು ಕೂಡಿಸಿಕೊಂಡರು. ಬೈಯುತ್ತಾರೆಂದು ಕಾದಿದ್ದೆ.

“ನಿನ್ನ ಹೆಸರು ಹೇಳಿದ್ರ ನಿಮ್ಮಪ್ಪ ಹುಡುಗನ್ನ ಇಲ್ಲಿಗೆ ಕಳಸ್ತಿದ್ದಿಲ್ಲ. ಅದಕ್ಕ ನಾ ಹೂಂ ಅಂದೆ. ನನ್ನ ಹೆಸರು ಹೋದ್ರ ಹೋಗ್ಲಿ. ಅಂವ ಕಂಡಿದ್ದ ಹೇಳಿದ, ನೀ ಅಲ್ಲ ಅಂದಿ. ಇವತ್ತ ಅವಂಗ ‘ನೀ ಹೇಳಿದ್ದ ಖರೆ’ ಅಂತ ಹೇಳವಾ. ಅಷ್ಟ ಸಾಕು.”

ಹೇಳುತ್ತೇನೆ ಅಂದೆ. ಅವತ್ತು ಅಪ್ಪ ಮನೆಯಲ್ಲಿದ್ದರು. ಮರುದಿನ ಅಮ್ಮನಿಗೆ ರಜೆ. ಅದರ ಮರುದಿನ ಅವನು ಮರೆತಿದ್ದಾನೆ ಎಂದು ನನಗೆ ನಾನೇ ತೀರ್ಮಾನ ಕೊಟ್ಟುಕೊಂಡೆ. ಮೌಶಿ ತಾವಾಗಿ ಅವನಿಗೆ, “ನೀ ಹೇಳಿದ್ದ ಖರೆ ತಮ್ಮಾ” ಅಂದದ್ದನ್ನು ಕೇಳಿದ್ದೇನೆ. ಅವನು ನನ್ನ ಮುಖ ನೋಡಿದ. ನಾನು ದಾರ ಸುತ್ತುತ್ತಿದ್ದೆ.

ಆಮೇಲೆ ಅವನು ಹುಡುಕುವುದನ್ನೇ ಬಿಟ್ಟ. ಏನು ಕೇಳಿದರೂ, “ಗೊತ್ತಿಲ್ಲ.” ಈ ಒಂದು ಶಬ್ದ ಮಾತ್ರ ಅವನಿಗೆ ಎಂದೂ ತಡವರಿಸಲಿಲ್ಲ. ಜೂನಿನಲ್ಲಿ ಪ್ರಿನ್ಸಿಪಾಲರು ಹೆಸರು ಕೇಳಿದರು, ಗೊತ್ತಿಲ್ಲ. ಅಂಗಿಯ ಬಣ್ಣ, ಗೊತ್ತಿಲ್ಲ. ಜೊತೆಗೆ ಬಂದವಳು ಯಾರು ಎಂದು ನನ್ನತ್ತ ಕೈ ತೋರಿಸಿದರು, ಅದೂ ಗೊತ್ತಿಲ್ಲ. ಬೇರೆ ಶಾಲೆಗೆ ಸೇರಿಸಿದೆವು, ಒಂದು ವರ್ಷ ಹಿಂದೆ ಬಿದ್ದ. ಸೀರೆಗೆ ಬಿಸಿ ಹೆಚ್ಚಾದರೆ ಬಣ್ಣ ಹೋಗುವಂತೆ ಹುಡುಗನಿಗೆ ಯಾರದೋ ದೃಷ್ಟಿ ಬಿದ್ದಿದೆ ಎಂದು ನಾಲ್ಕನೇ ಮಹಡಿಯವರು ಅಮ್ಮನಿಗೆ ಸಮಾಧಾನ ಹೇಳಿದರು.

ಮೌಶಿ ಇನ್ನೂ ಎರಡು ವರ್ಷ ಇದ್ದರು. ಕೆಲಸ ಹೆಚ್ಚೇನೂ ಬರುತ್ತಿರಲಿಲ್ಲ. ತಮ್ಮ ದಿನಾ ಹೋಗಿ ಕೂರುತ್ತಿದ್ದ. ಅವರು ಬಾಯಲ್ಲಿ ಟಾಚಣಿ ಹಿಡಿದು ಕಾಯುತ್ತಿದ್ದರು. ಒಂದೊಂದೇ ಶಬ್ದ ಮರಳಿ ಬಂತು, ಬಹಳ ತಡವಾಗಿ. ಅವರು ವಿಜಾಪುರಕ್ಕೆ ತಂಗಿಯ ಮಗನ ಮನೆಗೆ ಹೊರಟ ದಿನ ರಿಕ್ಷಾ ಹತ್ತುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, “ಹೇಳಿದೇನವಾ ಅವಂಗ?” ಅಂದರು.

“ಹೇಳಿದೆ ಮೌಶಿ” ಅಂದೆ.

ನನ್ನ ತಲೆ ಸವರಿದರು. ನಂಬಿದರೋ ಇಲ್ಲವೋ. ಅವರಿಗೆ ನಾನು ಹೇಳಿದ ಕಡೆಯ ಮಾತು ಅದು.

ನಾನೀಗ ಕಲ್ಯಾಣದಲ್ಲಿದ್ದೇನೆ. ಒಂದು ಸೀರೆ ಅಂಗಡಿಯಲ್ಲಿ ಕೆಲಸ. ಗಿರಾಕಿ ಬಾಯಿ ತೆರೆಯುವ ಮೊದಲೇ ಅವರಿಗೆ ಬೇಕಾದ ಬಣ್ಣ ಹೇಳುತ್ತೇನೆಂದು ಮಾಲೀಕರಿಗೆ ನನ್ನ ಮೇಲೆ ಅಭಿಮಾನ. ಸಾವಿನ ಸುದ್ದಿ ಬಂದ ಮುಂದಿನ ಭಾನುವಾರ ಕಾಮೋಠೆಗೆ ಹೋದೆ. ಧೈರ್ಯ ಕಡಿಮೆಯಿದ್ದುದರಿಂದ ಮೊದಲು ಸುಲಭದ ಕಡೆ, ನಾಲ್ಕನೇ ಮಹಡಿಗೆ, ಹತ್ತಿದೆ. ಆ ಸೀರೆ ಸುಟ್ಟದ್ದು ಮೌಶಿಯಲ್ಲ, ನಾನು, ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

“ಕೌನ್ಸೀ ಸಾಡೀ?” ಅಂದರು ಅವರು. ಬಹಳ ಯೋಚಿಸಿದರು. “ಅಚ್ಛಾ, ಹರೀ ವಾಲೀ. ವೋ ತೋ ಬರ್ತನ್ ವಾಲೀ ಕೋ ದೇ ದೀ ಥೀ.” ಹಳೆ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಅದನ್ನು ಕೊಟ್ಟು ಸ್ಟೀಲಿನ ಡಬ್ಬಿ ತೆಗೆದುಕೊಂಡಿದ್ದರಂತೆ. ಡಬ್ಬಿ ತೋರಿಸಿದರು. ಒಳ್ಳೆಯ ಡಬ್ಬಿ, ಚಕ್ಕುಲಿ ತುಂಬಿತ್ತು. ನನಗೂ ಎರಡು ಕೊಟ್ಟರು.

ಕೆಳಗಿಳಿದು ಮನೆಗೆ ಬಂದೆ. ತಮ್ಮನಿಗೆ ಈಗ ಹದಿನಾರು. ನಿಧಾನವಾಗಿ ಮಾತಾಡುತ್ತಾನೆ, ಮನೆಯಲ್ಲಿ ತುಳು, ಹೊರಗೆ ಹಿಂದಿ. ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ. ಹೇಳಿದೆ. ನೀನು ಅವತ್ತು ಹೇಳಿದ್ದು ಸರಿ, ನಾನು ಹೇಳಿದ್ದು ಸುಳ್ಳು, ಅಂದೆ.

ಅವನು ಕೈಯಲ್ಲಿದ್ದ ಟವೆಲು ಹಿಂಡುತ್ತ ನಿಂತ. ಬಾಯಿ ತೆರೆದ, ಮುಚ್ಚಿದ. ಮರೆತುಹೋಗಿತ್ತಾ, ಸಿಟ್ಟು ಬಂತಾ, ಬಿಡು ಅನ್ನುತ್ತೀಯಾ, ಎಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಒಂದನ್ನೂ ಹೊರಗೆ ಬಿಡಲಿಲ್ಲ.

“ಮೌಶಿ ಖರೆ ಅಂದಿದ್ರು” ಅಂದ ಕಡೆಗೆ. “ಆದ್ರೆ ನೀನು ಅಲ್ಲ ಅಂದಿದ್ದೆ. ಹಾಗಾಗಿ ನಾನು... ನಾನು ನೋಡಿದ್ದೇ ತಪ್ಪು ಅಂದ್ಕೊಂಡೆ. ಇಷ್ಟು ವರ್ಷ.”

ಅವನದು ಇನ್ನೂ ಮುಗಿದಿರಲಿಲ್ಲ.

“ಒಳಗೆ ಬಾ. ಅಮ್ಮನ ಎದುರು ಹೇಳು. ಅಪ್ಪನೂ ಇದ್ದಾರೆ.”

ಅಮ್ಮ ಮೀನು ತೊಳೆಯುತ್ತಿದ್ದಳು, ಅಪ್ಪ ಟೀವಿ ನೋಡುತ್ತಿದ್ದರು. ತಮ್ಮ ಟೀವಿ ಆರಿಸಿದ. ನಾನು ಶುರುಮಾಡಿದೆ. ಇಸ್ತ್ರಿಯವರೆಗೆ ಬಂದಿದ್ದೆ, ಅಷ್ಟರಲ್ಲಿ ಅಪ್ಪ, “ಈಗ ಅದೆಲ್ಲ ಎಂತಕ್ಕೆ? ಆ ಹೆಂಗಸು ಹೋಗಿ ಆಯ್ತು. ಸೀರೆ ಯಾರದ್ದು, ಮೇಲಿನವರದ್ದಾ? ಅವರು...”

“ಅಪ್ಪಾ” ಅಂದ ತಮ್ಮ. ಸ್ವಲ್ಪ ತಡೆದ. “ಅವಳು ಹೇಳ್ತಾ ಇದ್ದಾಳೆ. ಮಧ್ಯದಲ್ಲಿ ಮಾತಾಡ್ಬೇಡಿ.”

ಅಪ್ಪ ಕೈಯಲ್ಲಿದ್ದ ರಿಮೋಟು ಕೆಳಗಿಟ್ಟರು. ನಾನು ಮೊದಲಿನಿಂದ ಹೇಳತೊಡಗಿದೆ.